ಹೆಸರು ಕಳೆದುಕೊಂಡ ಫೈಲುಗಳು

ಕಾಶಿಯಲ್ಲಿ ಕನ್ನಡ ಕಿವಿಗೆ ಬೀಳುವ ಜಾಗಗಳು ಕೆಲವಿವೆ. ಗೋದೌಲಿಯಾ ಕಡೆಯ ಜಂಗಮವಾಡಿ ಮಠ ಒಂದು. ಹನುಮಾನ್ ಘಾಟ್ ಮತ್ತು ಹರಿಶ್ಚಂದ್ರ ಘಾಟ್‌ಗಳ ನಡುವೆ ಇರುವ ಕರ್ನಾಟಕ ಘಾಟ್ ಇನ್ನೊಂದು. ಅಲ್ಲಿ ಕೇಳುವುದರಲ್ಲಿ ಹೆಚ್ಚಿನದು ಬಂದುಹೋಗುವ ಕನ್ನಡ. ರೈಲಿಳಿದು, ಗಂಗೆಯಲ್ಲಿ ಮುಳುಗಿ, ಎರಡು ರಾತ್ರಿ ತಂಗಿ, ಗಯೆಯ ದಾರಿ ಹಿಡಿಯುವವರದು. ತಲೆಮಾರುಗಳ ಹಿಂದೆ ಬಂದು ಅಲ್ಲೇ ನೆಲೆನಿಂತ ಮನೆಗಳ ಮಾತು ಬೇರೆ ಥರದ್ದು. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ, ಸಂತೆಯಲ್ಲಿ ಭೋಜಪುರಿ. ಇಂಥ ಮನೆಗಳಲ್ಲಿ ಕನ್ನಡ ಹೇಗೆ ಬದಲಾಗಿದೆ, ಯಾವ ಪ್ರತ್ಯಯ ಉಳಿದಿದೆ, ಯಾವುದು ಸವೆದಿದೆ ಎಂದು ತಿಳಿಯಬೇಕಾದರೆ ಒಂದೇ ದಾರಿ: ಹೋಗಿ, ಕೂತು, ಚಹಾ ಕುಡಿದು, ಮುದುಕರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವುದು.

ಹೀಗೆ ಮಾಡುತ್ತಿರುವ ಒಬ್ಬ ಸಂಶೋಧಕಿಯನ್ನು ಊಹಿಸಿಕೊಳ್ಳಬಹುದು. ಗದಗದ ಕಡೆಯ ಹುಡುಗಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ., ಹಾಸ್ಟೆಲಿನ ಕೋಣೆ, ಅಣ್ಣ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್. ಮೂರು ವರ್ಷದಲ್ಲಿ ಸುಮಾರು 60 ಗಂಟೆ ಮಾತು ಕೂಡಿಸಿದ್ದಾಳೆ. ಮಾತಾಡಿದವರಲ್ಲಿ ಇಬ್ಬರು ಈಗ ಇಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದ ಮೇಲೆ ಲ್ಯಾಪ್‌ಟಾಪ್ ಒಳಗಿನಿಂದ ಟಕ್, ಟಕ್, ಟಕ್ ಎಂದು ಸಪ್ಪಳ. ಹುಡುಗಿ ಊಹೆಯವಳು, ಸಪ್ಪಳ ಊಹೆಯದಲ್ಲ. ಹಾರ್ಡ್ ಡಿಸ್ಕ್ ರಿಪೇರಿ ಮಾಡುವವರೆಲ್ಲ ಆ ಸಪ್ಪಳಕ್ಕೆ 'ಸಾವಿನ ಟಿಕ್ಕು' ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಮನೆಗೆ ಫೋನು ಹೋಗುತ್ತದೆ.

"ಅಣ್ಣಾ, ಡಿಸ್ಕ್ ಟಕ್ ಟಕ್ ಅಂತ ಸಪ್ಪಳ ಮಾಡಾಕತ್ತೈತಿ."

"ಮದ್ಲ ಬಂದ್ ಮಾಡು ಅದನ್ನ. ಮತ್ತ ಚಾಲೂ ಮಾಡಾಕ ಹೋಗಬ್ಯಾಡ."

ಅಣ್ಣ ಹೇಳಿದ್ದು ಸರಿ. ಇಡೀ ವಿದ್ಯೆಯಲ್ಲಿ ಇದಕ್ಕಿಂತ ಬೆಲೆಬಾಳುವ ಮಾತು ಇನ್ನೊಂದಿಲ್ಲ. ಆದರೆ ಅವಳು ಆ ಹೊತ್ತಿಗಾಗಲೇ ಐದು ಸಲ ಆಫ್ ಮಾಡಿ ಆನ್ ಮಾಡಿರುತ್ತಾಳೆ. ಎಲ್ಲರೂ ಹಾಗೇ ಮಾಡುವುದು.

ಯಾಕೆ ಬಂದ್ ಮಾಡಬೇಕು ಎನ್ನುವುದಕ್ಕೆ ಡಿಸ್ಕಿನ ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು. ಲ್ಯಾಪ್‌ಟಾಪಿನ ಸಾಧಾರಣ ಹಾರ್ಡ್ ಡಿಸ್ಕಿನಲ್ಲಿ ಗಾಜಿನ ಅಥವಾ ಅಲ್ಯೂಮಿನಿಯಮ್ಮಿನ ತಟ್ಟೆಗಳು ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ತಟ್ಟೆಯ ಮೇಲೆ ಕಾಂತೀಯ ಲೇಪ. ಅದನ್ನು ಓದುವ ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆ ಎಬ್ಬಿಸುವ ಗಾಳಿಯ ಮೇಲೆ ತೇಲುತ್ತದೆ. ತೇಲುವ ಎತ್ತರ ಕೆಲವೇ ನ್ಯಾನೊಮೀಟರು. ಮನುಷ್ಯನ ಒಂದು ಕೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರು ಎಂದರೆ ಅಂತರ ಎಷ್ಟು ಕಿರಿದು ಎನ್ನುವುದು ಹೊಳೆಯಬಹುದು. ಬೀಡಿಯ ಹೊಗೆಯ ಕಣವೂ ಆ ಸಂದಿನಲ್ಲಿ ಬಂಡೆಗಲ್ಲು. ಹೆಡ್ಡು ಕೆಟ್ಟಾಗ ಅದು ತಾನೆಲ್ಲಿದ್ದೇನೆ ಎಂಬ ಗುರುತು ಸಿಗದೆ ಮೂಲಸ್ಥಾನಕ್ಕೆ ಮರಳಿ ಮತ್ತೆ ಹೊರಡುತ್ತದೆ, ಮತ್ತೆ ಮರಳುತ್ತದೆ. ಟಕ್ ಟಕ್ ಎನ್ನುವುದು ಆ ಓಡಾಟ. ಬಾಗಿದ ಹೆಡ್ಡು ತಟ್ಟೆಗೆ ತಾಗಿದರೆ ಲೇಪ ಕೆರೆದು ಪುಡಿಯಾಗುತ್ತದೆ. ಪುಡಿಯಾದ ಲೇಪದಲ್ಲೇ ಮುದುಕರ ಮಾತಿತ್ತು. ಅದನ್ನು ಯಾವ ಲ್ಯಾಬೂ ಮರಳಿ ಅಂಟಿಸಲಾರದು.

ಎಲ್ಲ ಡಿಸ್ಕೂ ಹೀಗೆ ಸದ್ದು ಮಾಡಿ ಕೆಡುವುದಿಲ್ಲ. ಕೆಲವು ಸುಮ್ಮನೆ ನಿಧಾನವಾಗುತ್ತವೆ. ಒಂದು ಫೋಲ್ಡರ್ ತೆರೆಯಲು ಎರಡು ನಿಮಿಷ, ಒಂದು ಫೈಲು ಕಾಪಿ ಮಾಡುವಾಗ ಅರ್ಧಕ್ಕೆ ನಿಂತು ಮತ್ತೆ ಹೊರಡುವುದು. ತಟ್ಟೆಯ ಕೆಲವು ಚೂರುಗಳು, ಅಂದರೆ ಸೆಕ್ಟರುಗಳು, ಓದಲಾಗದ ಸ್ಥಿತಿಗೆ ಬಂದಿವೆ ಎಂದು ಅದರರ್ಥ. 2007ರಲ್ಲಿ ಗೂಗಲ್ಲಿನ ಮೂವರು ಸಂಶೋಧಕರು ತಮ್ಮ ಕಂಪನಿಯ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಪ್ರಕಟಿಸಿದರು. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು, ದೋಷ ಕಾಣದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ 39 ಪಟ್ಟು ಹೆಚ್ಚು ಎಂಬುದು ಅವರಿಗೆ ಕಂಡದ್ದು. ಅದೇ ಲೆಕ್ಕದ ಇನ್ನೊಂದು ಸಾಲು ಹೆಚ್ಚು ಭಯ ಹುಟ್ಟಿಸುತ್ತದೆ: ಕೆಟ್ಟ ಡಿಸ್ಕುಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚು, ಯಾವ ಮುನ್ಸೂಚನೆಯನ್ನೂ ಕೊಡದೆ ಕೆಟ್ಟಿದ್ದವು. ಸೆಕೆಗೆ ಡಿಸ್ಕು ಕೆಡುತ್ತದೆ ಎಂದು ಕಾಶಿಯಲ್ಲೂ ಕಲಬುರಗಿಯಲ್ಲೂ ಎಲ್ಲರೂ ನಂಬಿದ್ದಾರೆ. ಆ ಅಧ್ಯಯನದಲ್ಲಿ ಸೆಕೆಗೂ ಸಾವಿಗೂ ಅಂದುಕೊಂಡಷ್ಟು ನಂಟು ಕಾಣಲಿಲ್ಲ. ತೀರಾ ಹೆಚ್ಚಿನ ಬಿಸಿಯಲ್ಲಿ, ಅದೂ ಹಳೆಯ ಡಿಸ್ಕುಗಳಲ್ಲಿ ಮಾತ್ರ ಎದ್ದು ಕಂಡಿತು. ಫ್ಯಾನಿನ ಕೆಳಗೆ ಲ್ಯಾಪ್‌ಟಾಪ್ ಇಟ್ಟು ನೆಮ್ಮದಿಯಿಂದ ಇರುವವರು ಇದನ್ನೊಮ್ಮೆ ಯೋಚಿಸಬೇಕು.

ಸಪ್ಪಳ ಬಂದ ಮೇಲೆ ಹುಡುಗಿ ಏನು ಮಾಡುತ್ತಾಳೆ? ಹಾಸ್ಟೆಲಿನಲ್ಲಿ ಸಲಹೆಗೆ ಕೊರತೆ ಇಲ್ಲ. ಒಬ್ಬಳು ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡು ಅನ್ನುತ್ತಾಳೆ. ಇದು ಒಂದು ಕಾಲದ ನಾಟಿ ಔಷಧ. ಈಗಿನ ಡಿಸ್ಕು ಫ್ರೀಜರಿನಿಂದ ಹೊರಬಂದು ಬೆಚ್ಚಗಾಗುವಾಗ ತಟ್ಟೆಯ ಮೇಲೆ ತೇವ ಕೂರುತ್ತದೆ. ಹೆಡ್ಡು ಆ ಹನಿಗೆ ಬಡಿಯುತ್ತದೆ. ಮತ್ತೊಬ್ಬಳು ವಿಂಡೋಸಿನ ಚೆಕ್‌ಡಿಸ್ಕ್ ಓಡಿಸು ಅನ್ನುತ್ತಾಳೆ. ಚೆಕ್‌ಡಿಸ್ಕ್ ಆರೋಗ್ಯವಂತ ಡಿಸ್ಕಿನ ಫೈಲು ವ್ಯವಸ್ಥೆಯನ್ನು ಸರಿಮಾಡಲು ಇರುವುದು. ಸಾಯುತ್ತಿರುವ ಡಿಸ್ಕಿನ ಮೇಲೆ ಅದನ್ನು ಬಿಟ್ಟರೆ ಓದಲು ಬಾರದ್ದನ್ನೆಲ್ಲ ಇಲ್ಲವೆಂದು ತೀರ್ಮಾನಿಸಿ ಪಟ್ಟಿಯಿಂದ ಹೊಡೆದು ಹಾಕುತ್ತದೆ, ಗಂಟೆಗಟ್ಟಲೆ ಹೆಡ್ಡನ್ನು ಓಡಿಸುತ್ತದೆ. ಮೂರನೆಯವಳು ಹೇಳುವ ಪುಕ್ಕಟೆ ಸಾಫ್ಟ್‌ವೇರನ್ನು ಅದೇ ಡಿಸ್ಕಿನಲ್ಲಿ ಇನ್‌ಸ್ಟಾಲ್ ಮಾಡಿದರೆ, ಅಳಿದ ಫೈಲು ಕೂತಿದ್ದ ಜಾಗದ ಮೇಲೆಯೇ ಅದು ಬಂದು ಕೂರಬಹುದು.

ಆಮೇಲೆ ಅಂಗಡಿ. ಪ್ರತಿ ವಿಶ್ವವಿದ್ಯಾಲಯದ ಗೇಟಿನ ಎದುರೂ ಇರುವ ಕಂಪ್ಯೂಟರ್ ಅಂಗಡಿಗಳಿಗೆ ಒಂದು ಸಾಮಾನ್ಯ ಅಭ್ಯಾಸವಿದೆ: ಏನೇ ಕೆಟ್ಟಿದ್ದರೂ ವಿಂಡೋಸ್ ಹೊಸದಾಗಿ ಹಾಕಿಕೊಡುವುದು. ಗಿರಾಕಿಗೆ ಬೇಕಾದದ್ದು ಕಂಪ್ಯೂಟರ್ ಚಾಲೂ ಆಗುವುದು ಎಂದು ಅವರು ಅಂದುಕೊಂಡಿದ್ದಾರೆ. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಹೌದು. ತಪ್ಪು ಅವರದು ಎನ್ನಲಾಗದು. "ಭಯ್ಯಾ, ಕಂಪ್ಯೂಟರ್ ಬೇಡ, ಒಳಗಿರೋದು ಮಾತ್ರ ಬೇಕು" ಎಂದು ಮೊದಲ ವಾಕ್ಯದಲ್ಲೇ ಹೇಳುವ ಗಿರಾಕಿ ಕಡಿಮೆ. ಹುಡುಗಿಯರಿಗೆ ಇನ್ನೊಂದು ಹಿಂಜರಿಕೆ: ಲ್ಯಾಪ್‌ಟಾಪಿನಲ್ಲಿ ಮನೆಯ ಫೋಟೋ, ಚಾಟು, ಬ್ಯಾಂಕಿನ ಕಾಗದ ಎಲ್ಲವೂ ಇರುತ್ತದೆ. ಕೊಟ್ಟು ಬರುವುದೆಂದರೆ ಮನೆಯ ಬೀಗದ ಕೈಯನ್ನು ಕೊಟ್ಟು ಬಂದ ಹಾಗೆ. ಈ ಹಿಂಜರಿಕೆಯಿಂದಲೇ ತಾವೇ ಏನಾದರೂ ಮಾಡಿ ನೋಡೋಣ ಎಂದು ಕೈಹಾಕಿ ಕೆಡಿಸಿಕೊಂಡವರು ಬಹಳ.

ಸರಿಯಾದ ಕ್ರಮ ಸರಳವಾದದ್ದು, ಆದರೆ ತಾಳ್ಮೆ ಬೇಡುವಂಥದ್ದು. ಮೊದಲು ಡಿಸ್ಕಿನಿಂದ ಫೈಲು ಹುಡುಕಬಾರದು. ಡಿಸ್ಕಿನದೇ ಒಂದು ಯಥಾಪ್ರತಿ ಮಾಡಿಕೊಳ್ಳಬೇಕು. ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ, ಅದರಲ್ಲಿ ಏನಿದೆ ಎಂದು ಕೇಳದೆ, ಅಷ್ಟೇ ದೊಡ್ಡ ಅಥವಾ ಇನ್ನೂ ದೊಡ್ಡ ಬೇರೆ ಡಿಸ್ಕಿಗೆ. ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದನ್ನು ಮಾಡುವ ಬಗೆ ಚೆನ್ನಾಗಿದೆ. ಓದಲು ಸುಲಭವಾದ ಜಾಗಗಳನ್ನೆಲ್ಲ ಮೊದಲು ಓದಿಕೊಂಡು, ತೊಡಕಿನ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ. ಎಲ್ಲಿ ಬಿಟ್ಟೆ ಎಂದು ಒಂದು ನಕ್ಷೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸುಲಭದ್ದೆಲ್ಲ ಮುಗಿದ ಮೇಲೆ ಬಿಟ್ಟ ಜಾಗಗಳಿಗೆ ಮರಳಿ, ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಕೆದಕುತ್ತದೆ. ಕರೆಂಟು ಹೋದರೂ ಚಿಂತೆಯಿಲ್ಲ, ನಕ್ಷೆ ನೋಡಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆಗಳನ್ನು ಮೊದಲು ಬರೆ ಎಂದು ಮೇಷ್ಟ್ರು ಹೇಳುವುದು ಇದನ್ನೇ. ಆಮೇಲಿನ ಹುಡುಕಾಟವೆಲ್ಲ ಪ್ರತಿಯ ಮೇಲೆ. ಮೂಲ ಡಿಸ್ಕು ಕಪಾಟಿನಲ್ಲಿ.

ಹೆಡ್ಡೇ ಕೆಟ್ಟು ಟಕ್ ಟಕ್ ಎನ್ನುತ್ತಿದ್ದರೆ ಇದೂ ಆಗದು. ಧೂಳಿಲ್ಲದ ಕೋಣೆಯಲ್ಲಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಹೆಡ್ಡು ತೆಗೆದು ಇದಕ್ಕೆ ಕೂರಿಸಬೇಕು. ಅಂಥ ಕೆಲಸದ ಖರ್ಚು ಹತ್ತು ಸಾವಿರ ರೂಪಾಯಿಯ ಆಚೆಗೆ ಹೋಗುವುದು ಸಾಮಾನ್ಯ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದ ಪಿಎಚ್.ಡಿ. ವಿದ್ಯಾರ್ಥಿಗೆ ಸಿಗುವ ಫೆಲೋಶಿಪ್ಪು ತಿಂಗಳಿಗೆ 8,000 ರೂಪಾಯಿ. ಒಂದೆರಡು ತಿಂಗಳ ಊಟ ಬಿಟ್ಟು ಹೆಡ್ಡು ಹಾಕಿಸಬೇಕು, ಹಾಕಿಸಿದರೂ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ.

ಸಿಗುವುದೇ ಇಲ್ಲ ಎಂದೂ ಅಲ್ಲ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಗಗನನೌಕೆ ಭೂಮಿಗೆ ಮರಳುವಾಗ ಸಿಡಿಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ಅದರಲ್ಲಿದ್ದ ಒಂದು ಹಾರ್ಡ್ ಡಿಸ್ಕು ಟೆಕ್ಸಾಸಿನ ಒಣಗಿದ ಕೆರೆಯಂಗಳದಲ್ಲಿ ತಿಂಗಳುಗಳ ನಂತರ ಸಿಕ್ಕಿತು. ಸುಟ್ಟು ಕರಕಲಾದ ಲೋಹದ ಮುದ್ದೆ. ಅದನ್ನು ಬಿಚ್ಚಿ, ತಟ್ಟೆ ತೊಳೆದು, ಬೇರೆ ಡಿಸ್ಕಿನ ಮೈಯೊಳಗೆ ಕೂರಿಸಿ, ಒಬ್ಬ ತಂತ್ರಜ್ಞ ಒಳಗಿದ್ದದ್ದರಲ್ಲಿ ಶೇ. 99ರಷ್ಟನ್ನು ಹೊರತೆಗೆದ. ಕ್ಸೆನಾನ್ ಅನಿಲದ ಮೇಲೆ ನಡೆದಿದ್ದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಈ ಕತೆಯನ್ನು ತಂತ್ರಜ್ಞಾನದ ಪವಾಡ ಎಂದು ಹೇಳುವುದು ರೂಢಿ. ಪವಾಡದ ಅರ್ಧ ಭಾಗ ಬೇರೆ ಕಡೆ ಇದೆ. ಆ ಡಿಸ್ಕಿನಲ್ಲಿ ಇದ್ದದ್ದು ಹಳೆಯ ಡಾಸ್ ವ್ಯವಸ್ಥೆ. ಡೇಟಾವನ್ನು ಅದು ಡಿಸ್ಕಿನ ತುಂಬ ಚೆಲ್ಲಾಡದೆ ಒಂದೇ ಕಡೆ ಸಾಲಾಗಿ ಬರೆದಿತ್ತು. ತಟ್ಟೆಯ ಹಾಳಾದ ಭಾಗದಲ್ಲಿ ಡೇಟಾ ಇರಲೇ ಇಲ್ಲ. ಬೆಂಕಿಯನ್ನು ಗೆದ್ದದ್ದರಲ್ಲಿ ಬರೆದಿಟ್ಟ ಕ್ರಮಕ್ಕೂ ಪಾಲಿದೆ.

ಹುಡುಗಿಯ ಅದೃಷ್ಟ ನೆಟ್ಟಗಿದ್ದು ಹೆಡ್ಡು ಬದಲಾಯಿತು, ಯಥಾಪ್ರತಿಯೂ ಆಯಿತು ಎನ್ನೋಣ. ಹೆಚ್ಚಿನವರು ಇಲ್ಲಿಗೆ ಕತೆ ಮುಗಿಯಿತು ಅಂದುಕೊಳ್ಳುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಈಗ.

ಡಿಸ್ಕಿನಲ್ಲಿ ಫೈಲಿನ ಹೆಸರೂ ಫೈಲಿನ ಒಡಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ಹೆಸರು, ತಾರೀಖು, ಯಾವ ಫೋಲ್ಡರು, ಒಡಲು ಎಲ್ಲೆಲ್ಲಿ ಬಿದ್ದಿದೆ ಎನ್ನುವುದೆಲ್ಲ ಒಂದು ಪಟ್ಟಿಯಲ್ಲಿರುತ್ತದೆ. ಪಟ್ಟಿ ಓದಲು ಬಂದರೆ ಎಲ್ಲವೂ ಇದ್ದ ಹಾಗೆ ಮರಳುತ್ತದೆ. ಆ ಪಟ್ಟಿ ಇದ್ದ ಸೆಕ್ಟರುಗಳೇ ಹಾಳಾಗಿದ್ದರೆ? ಆಗ ಫೋಟೊರೆಕ್‌ನಂಥ ತಂತ್ರಾಂಶಗಳು ಇನ್ನೊಂದು ಉಪಾಯ ಹೂಡುತ್ತವೆ. ಪಟ್ಟಿಯನ್ನು ಕೈಬಿಟ್ಟು, ಡಿಸ್ಕಿನ ಉದ್ದಕ್ಕೂ ನಡೆದು, ಫೈಲುಗಳ ಮುಖಲಕ್ಷಣ ಹುಡುಕುತ್ತವೆ. ಪಿಡಿಎಫ್ ಫೈಲು ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಮೂರಕ್ಷರದಿಂದ ಶುರುವಾಗುತ್ತದೆ. ವೇವ್ ಧ್ವನಿ ಫೈಲಿನ ಮೊದಲ ನಾಲ್ಕು ಬೈಟು 'ರಿಫ್'. ಆ ಗುರುತು ಸಿಕ್ಕಲ್ಲಿಂದ ಮುಂದಿನದನ್ನು ಕತ್ತರಿಸಿ ಒಂದು ಫೈಲು ಮಾಡಿ ಕೊಡುತ್ತವೆ. ಒಡಲು ಸಿಗುತ್ತದೆ, ಹೆಸರು ಸಿಗುವುದಿಲ್ಲ. "ಹನುಮಾನ್ ಘಾಟ್, ಎರಡನೇ ಭೇಟಿ, ಅಡುಗೆ ಮಾತು" ಎಂದಿದ್ದ ಫೈಲು ಎಫ್ ಅಕ್ಷರದ ಮುಂದೆ ಏಳೆಂಟು ಅಂಕಿಗಳ ಒಂದು ಸಾಲಾಗಿ ಬರುತ್ತದೆ. ಇಂಥವು ನೂರಾರು, ಜತೆಗೆ ಬ್ರೌಸರು ಯಾವಾಗಲೋ ಉಳಿಸಿಕೊಂಡಿದ್ದ ಸಾವಿರಾರು ಪುಡಿ ಚಿತ್ರಗಳು.

ಹೆಸರು ಒಂದು ಕಡೆ, ಒಡಲು ಇನ್ನೊಂದು ಕಡೆ ಆದ ಸ್ಥಿತಿ ಕಾಶಿಗೆ ಹೊಸತಲ್ಲ. 17ನೇ ಶತಮಾನದಲ್ಲಿ, ಷಾಜಹಾನನ ಕಾಲದಲ್ಲಿ, ಅಲ್ಲಿ ಕವೀಂದ್ರಾಚಾರ್ಯ ಸರಸ್ವತಿ ಎಂಬ ಸಂನ್ಯಾಸಿ ಪಂಡಿತರಿದ್ದರು. ಕಾಶಿ, ಪ್ರಯಾಗದ ಯಾತ್ರಿಕರ ಮೇಲಿದ್ದ ತೆರಿಗೆಯನ್ನು ಬಾದಶಹನಿಗೆ ಹೇಳಿ ತೆಗೆಸಿದವರು ಎಂದು ಪ್ರಸಿದ್ಧಿ. ಅವರ ಪುಸ್ತಕ ಭಂಡಾರ ಆ ಕಾಲಕ್ಕೆ ದೊಡ್ಡದು. ಫ್ರೆಂಚ್ ಪ್ರವಾಸಿ ಬರ್ನಿಯರ್ ಕಾಶಿಯಲ್ಲಿ ಪುಸ್ತಕಗಳಿಂದ ತುಂಬಿದ ದೊಡ್ಡ ಹಜಾರವೊಂದನ್ನು ಕಂಡದ್ದಾಗಿ ಬರೆದಿದ್ದಾನೆ. ಅದು ಇವರದೇ ಇರಬೇಕೆಂದು ವಿದ್ವಾಂಸರ ಊಹೆ. ಕವೀಂದ್ರರ ನಂತರ ಭಂಡಾರ ಚೆದುರಿತು. ಉಳಿದದ್ದು ಎರಡು. ಒಂದು, ಪಟ್ಟಿ. ಎರಡು ಸಾವಿರಕ್ಕೂ ಹೆಚ್ಚು ಹೆಸರುಗಳಿರುವ ಆ ಸೂಚೀಪತ್ರ 1921ರಲ್ಲಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಎರಡು, ಗುರುತು. ಕವೀಂದ್ರರ ಪುಸ್ತಕಗಳ ಹಾಳೆಯ ಮೇಲೆ ಇದು ಇಂಥವರ ಪುಸ್ತಕ ಎಂದು ಬರೆಯುವ ರೂಢಿಯಿತ್ತು. ಬಿಕಾನೇರಿನ ಅರಸರ ಸಂಗ್ರಹದಲ್ಲೂ ಇತರ ಕಡೆಗಳಲ್ಲೂ ಹಾಳೆ ತಿರುವುವಾಗ ಆ ಸಾಲು ಕಂಡ ವಿದ್ವಾಂಸರು, ಇದು ಕಾಶಿಯ ಭಂಡಾರದ್ದು ಎಂದು ಒಂದೊಂದನ್ನೇ ಗುರುತಿಸಿದರು. ಪಟ್ಟಿಯಲ್ಲಿರುವ ಎಲ್ಲವೂ ಸಿಕ್ಕಿಲ್ಲ. ಸಿಕ್ಕವು ಸಿಕ್ಕದ್ದು ಎರಡು ಕಾರಣಕ್ಕೆ: ಊರು ಬಿಟ್ಟು ಹೊರಗೆ ಹೋಗಿದ್ದವು, ಮತ್ತು ತಮ್ಮ ಗುರುತನ್ನು ಮೈಮೇಲೆಯೇ ಹೊತ್ತಿದ್ದವು.

ಬ್ಯಾಕಪ್ ಬಗ್ಗೆ ಉಪದೇಶ ಮಾಡುವವರು ಪ್ರತಿ ಎಷ್ಟಿರಬೇಕು ಎಂದು ಎಣಿಸುತ್ತಾರೆ, ಪ್ರತಿಯ ಮೈಮೇಲೆ ಗುರುತಿದೆಯೇ ಎಂದು ಕೇಳುವುದಿಲ್ಲ. ಕನ್ನಡದವರಿಗಂತೂ ಈ ಪ್ರಶ್ನೆ ಎರಡು ಪಟ್ಟು ಮುಖ್ಯ. ಕಾರಣ ನುಡಿ, ಬರಹ, ಶ್ರೀಲಿಪಿ.

ಯೂನಿಕೋಡ್ ಮನೆಮನೆಗೆ ಬರುವ ಮುಂಚೆ ಕನ್ನಡದಲ್ಲಿ ಟೈಪಾದದ್ದೆಲ್ಲ ಇಂಥ ತಂತ್ರಾಂಶಗಳ ಫಾಂಟುಗಳಲ್ಲಿ. ಮುದ್ರಣಾಲಯ, ಡಿಟಿಪಿ ಕೇಂದ್ರ, ಕಚೇರಿಗಳಲ್ಲಿ ಇಂದಿಗೂ ಅದೇ ನಡೆಯುತ್ತಿದೆ. ಅದರಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿಲ್ಲ; ಇಂಗ್ಲಿಷಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದೆ ಅಷ್ಟೇ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದ ಫಾಂಟಿಲ್ಲದ ಯಂತ್ರದಲ್ಲಿ ಹೀಗೆ ಕಾಣುತ್ತದೆ: ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೆ ಗೀಟಿನ ಎ. ಕಾಶಿಯ ತಂತ್ರಜ್ಞ ಫೈಲು ಸರಿಯಾಗಿ ಬಂದಿದೆಯೇ ಎಂದು ತೆರೆದು ನೋಡುತ್ತಾನೆ. ಪರದೆಯ ತುಂಬ ಇದೇ. ಕೆಟ್ಟ ಫೈಲು ಕಾಣುವುದೂ ಹೀಗೇ. "ಮೇಡಂ, ಇದು ಕರಪ್ಟ್ ಆಗಿದೆ" ಎಂದು ಅವನು ಬೇರೆ ತೆಗೆದಿಟ್ಟರೆ, ಇಲ್ಲವೇ ಡಿಸ್ಕಿನಲ್ಲಿ ಜಾಗ ಸಾಲದೆಂದು ಅಳಿಸಿದರೆ, ಅವನನ್ನು ಬೈಯುವುದು ಹೇಗೆ?

ಅವನದೇ ಭಾಷೆಯಾದರೆ ಮೋಸ ಹೋಗಲಾರ. ಉತ್ತರ ಭಾರತದ ಟೈಪಿಂಗ್ ಅಂಗಡಿಗಳಲ್ಲಿ ಕೃತಿದೇವ್ ಎಂಬ ಹಿಂದಿ ಫಾಂಟು ನುಡಿಯಷ್ಟೇ ಹಳೆಯ ಸಂಗತಿ. ಅದರಲ್ಲಿ 'ಹಿಂದೀ' ಎಂದು ಬರೆದದ್ದು ಎಫ್, ಜಿ, ದೊಡ್ಡ ಯು, ಎನ್, ಎಚ್ ಎಂದು ಕಾಣುತ್ತದೆ. ಬನಾರಸಿನ ಹುಡುಗ ಅದನ್ನು ನೋಡಿದ ಕೂಡಲೇ "ಇದು ಕೃತಿದೇವ್" ಅನ್ನುತ್ತಾನೆ, ಫಾಂಟು ಹಾಕುತ್ತಾನೆ. ಅವನಿಗೆ ಗೋಜಲಿನ ಒಳಗೆ ಭಾಷೆ ಕಾಣುತ್ತದೆ. ಕನ್ನಡದ ಗೋಜಲಿನಲ್ಲಿ ಕಾಣಲು ಕನ್ನಡದವರೇ ಪಕ್ಕದಲ್ಲಿ ಕೂರಬೇಕು. ಯಂತ್ರವೂ ಈ ವಿಷಯದಲ್ಲಿ ಕುರುಡು. 'ಗಂಗೆ' ಎಂದು ಯೂನಿಕೋಡಿನಲ್ಲಿ ಟೈಪಿಸಿ ಇಡೀ ಡಿಸ್ಕು ಹುಡುಕಿದರೆ, ನುಡಿಯಲ್ಲಿ ನೂರು ಸಲ ಗಂಗೆ ಬಂದಿದ್ದರೂ ಒಂದೂ ಸಿಗದು. ಬರೇ ಟೆಕ್ಸ್ಟ್ ಫೈಲಾಗಿದ್ದರೆ ಇನ್ನೂ ಕಷ್ಟ. ಅದಕ್ಕೆ ಪಿಡಿಎಫ್‌ಗಿರುವಂಥ ಮುಖಲಕ್ಷಣವೇ ಇಲ್ಲ. ಹಳೆಯ ಗದಗ ಜಿಲ್ಲೆಯ ಪದಪಟ್ಟಿಯನ್ನು ಯಾರೋ ಮೇಷ್ಟ್ರು ನುಡಿಯಲ್ಲಿ ಟೈಪು ಮಾಡಿ ಕೊಟ್ಟಿದ್ದರೆ, ಹೋಲಿಕೆಗೆ ಹುಡುಗಿ ಅದನ್ನೇ ನೆಚ್ಚಿದ್ದರೆ, ಅದು ಡಿಸ್ಕಿನಿಂದ ಪಾರಾಗಿ ಬಂದು ಅಂಗಡಿಯ ಮೇಜಿನ ಮೇಲೆ ಸಾಯಬಹುದು.

ಕನ್ನಡದಲ್ಲಿ ಬರೆಯುವ, ಅನುವಾದಿಸುವ, ಸಂಪಾದಿಸುವ ಎಷ್ಟೋ ಜನರ ಇಪ್ಪತ್ತು ಇಪ್ಪತ್ತೈದು ವರ್ಷದ ಕೆಲಸ ಈ ಸ್ಥಿತಿಯಲ್ಲಿದೆ. ಡಿಸ್ಕು ಕೆಡುವ ತನಕ ಕಾಯದೆ ಹಳೆಯ ಫೈಲುಗಳನ್ನು ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳುವುದು ಬ್ಯಾಕಪ್ಪಿಗಿಂತ ಕಡಿಮೆ ಮುಖ್ಯವಲ್ಲ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅಲ್ಲಲ್ಲಿ ಎಡವುತ್ತವೆ, ತಿದ್ದಬೇಕಾಗುತ್ತದೆ. ಬೇಸರದ ಕೆಲಸ ಹೌದು.

ಇಷ್ಟೆಲ್ಲ ಒಬ್ಬ ವಿದ್ಯಾರ್ಥಿನಿಯ ತಲೆಯ ಮೇಲೆ ಹೊರಿಸುವುದು ನ್ಯಾಯವೇ ಎಂಬ ಪ್ರಶ್ನೆ ಉಳಿದೇ ಇದೆ. ಯುಜಿಸಿಯ 2009ರ ನಿಯಮಗಳು ಪಿಎಚ್.ಡಿ. ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿಯನ್ನು ಕಡ್ಡಾಯ ಮಾಡಿದವು. ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಸೇರುತ್ತವೆ. ಒಳ್ಳೆಯ ಕೆಲಸ. ಆದರೆ ಅಲ್ಲಿ ಸೇರುವುದು ಮುಗಿದ ಪ್ರಬಂಧ, ಪಿಡಿಎಫ್. ಅದಕ್ಕೆ ಆಧಾರವಾದ 60 ಗಂಟೆ ಮಾತು ಹಾಸ್ಟೆಲಿನ ಕೋಣೆಯಲ್ಲೇ ಉಳಿಯುತ್ತದೆ. ಪ್ರಬಂಧ ಬೇಕಾದರೆ ಮತ್ತೆ ಬರೆಯಬಹುದು. ತೀರಿಹೋದ ಮುದುಕಿ ಮತ್ತೆ ಮಾತಾಡಲಾರಳು. ಮರಳಿ ಬರಲಾರದ್ದನ್ನು ವಿದ್ಯಾರ್ಥಿಯ ಲ್ಯಾಪ್‌ಟಾಪಿಗೆ ಬಿಟ್ಟು, ಮರಳಿ ಬರೆಯಬಹುದಾದದ್ದನ್ನು ದೇಶದ ಭಂಡಾರದಲ್ಲಿ ಕಾಪಾಡುವ ಏರ್ಪಾಡು ತಲೆಕೆಳಗಾದದ್ದು.

ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 2013ರಿಂದ ಅಳಿವಿನಂಚಿನ ಭಾಷೆಗಳನ್ನು ದಾಖಲಿಸುವ ಯೋಜನೆ ನಡೆಸುತ್ತಿದೆ. ಅದು 10,000ಕ್ಕಿಂತ ಕಡಿಮೆ ಜನ ಆಡುವ ಭಾಷೆಗಳಿಗಾಗಿ. ಕೋಟಿಗಟ್ಟಲೆ ಜನ ಆಡುವ ಕನ್ನಡ ಆ ಲೆಕ್ಕಕ್ಕೆ ಬಾರದು, ಬರಬೇಕಾಗಿಯೂ ಇಲ್ಲ. ಆದರೆ ಕಾಶಿಯ ಕೆಲವು ಮನೆಗಳ ಕನ್ನಡ, ಕನ್ನಡ ಎಂಬ ಹೆಸರಿನ ನೆರಳಿನಲ್ಲಿ ಸದ್ದಿಲ್ಲದೆ ಮುಗಿದುಹೋದರೆ ಅದನ್ನು ಯಾವ ಪಟ್ಟಿಯೂ ಎಣಿಸುವುದಿಲ್ಲ. ಸಂಶೋಧಕಿಯ ಡಿಸ್ಕೇ ಅದರ ಭಂಡಾರ.

ಕ್ಲೌಡಿಗೆ ಹಾಕಿದರಾಯಿತು ಎನ್ನುವವರಿದ್ದಾರೆ. ಒಳ್ಳೆಯ ಗುಣಮಟ್ಟದ ಸ್ಟೀರಿಯೊ ವೇವ್ ರೆಕಾರ್ಡಿಂಗು ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. 60 ಗಂಟೆಗೆ 60 ಜಿಬಿ. ಗೂಗಲ್ ಪುಕ್ಕಟೆ ಕೊಡುವುದು 15. ಹಾಸ್ಟೆಲಿನ ವೈಫೈನಲ್ಲಿ ಅಷ್ಟನ್ನು ಏರಿಸುವುದು ಬೇರೆ ಕತೆ. ಅದಕ್ಕಿಂತ ದೊಡ್ಡದು, ಆ ಮಾತಿನಲ್ಲಿ ಮನೆಯ ಜಗಳ, ಆಸ್ತಿ, ಸೊಸೆಯ ದೂರು ಎಲ್ಲ ಬಂದಿರುತ್ತದೆ. ನಂಬಿ ಮಾತಾಡಿದವರದ್ದು. ಎಲ್ಲರಿಗೂ ತೆರೆದಿಡುವ ಭಂಡಾರ ಇದಕ್ಕೆ ಒಪ್ಪುವುದಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯವೇ ಇಟ್ಟುಕೊಳ್ಳಬೇಕು, ಬೀಗ ಹಾಕಿ, ಯಾರು ಯಾವಾಗ ಕೇಳಬಹುದೆಂದು ಬರೆದಿಟ್ಟು. ವಾರಣಾಸಿಯಲ್ಲೇ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯದ ಸರಸ್ವತೀ ಭವನ ಗ್ರಂಥಾಲಯ ಒಂದು ಲಕ್ಷದ ಆಸುಪಾಸು ಹಸ್ತಪ್ರತಿಗಳನ್ನು ಕಾಯ್ದುಕೊಂಡು ಬಂದಿದೆ. ಕಾಯುವ ವಿದ್ಯೆ ಆ ಊರಿಗೆ ಕಲಿಸಬೇಕಾದ್ದಲ್ಲ. ತಾಳೆಗರಿಗೆ, ಕಾಗದಕ್ಕೆ ಸಿಗುವ ಮರ್ಯಾದೆ ವೇವ್ ಫೈಲಿಗೂ ಸಿಗಬೇಕು ಅಷ್ಟೇ.

ಅಲ್ಲಿಯವರೆಗೆ ಪೋರ್ಟಬಲ್ ಡಿಸ್ಕು ಒಂದನ್ನು ಕೊಂಡು ಅದೇ ಕೋಣೆಯ ಅದೇ ಕಪಾಟಿನಲ್ಲಿ ಇಟ್ಟರೆ ಆಗದು. 1978ರಲ್ಲಿ ವಾರಣಾಸಿಯ ಗಂಗೆ 73.901 ಮೀಟರಿಗೆ ಏರಿತ್ತು, ಅಪಾಯದ ಮಟ್ಟಕ್ಕಿಂತ ಎರಡೂವರೆ ಮೀಟರಿಗೂ ಮೇಲೆ. ಈಗಲೂ ಮಳೆಗಾಲದಲ್ಲಿ ಘಾಟಿನ ಹತ್ತಿರದ ಮನೆಗಳ ಕೆಳಮಹಡಿ ಮುಳುಗುವುದುಂಟು. ದಸರೆಗೆ ಊರಿಗೆ ಹೋಗುವಾಗ ಒಂದು ಪ್ರತಿ ಗದಗಕ್ಕೆ ಹೋಗಿ ಅವ್ವನ ಟ್ರಂಕಿನಲ್ಲಿ ಸೀರೆಗಳ ನಡುವೆ ಕೂತರೆ, ಬಿಕಾನೇರಿಗೆ ಹೋದ ಕವೀಂದ್ರರ ಪುಸ್ತಕಕ್ಕೆ ಸಿಕ್ಕ ಭಾಗ್ಯ ಅದಕ್ಕೂ ಸಿಕ್ಕೀತು. ಹೊಸ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆ ಇಲ್ಲ, ಎಸ್‌ಎಸ್‌ಡಿ ಇದೆ ಎಂದು ಸಮಾಧಾನ ಪಡುವುದೂ ಬೇಡ. ಅದು ಟಕ್ ಎನ್ನದೆ ಸಾಯುತ್ತದೆ. ಅಳಿಸಿದ ಫೈಲಿನ ಜಾಗವನ್ನು ತಾನೇ ಗುಡಿಸಿಟ್ಟುಬಿಡುವುದರಿಂದ ಮರಳಿ ತೆಗೆಯುವ ಅವಕಾಶ ಹಾರ್ಡ್ ಡಿಸ್ಕಿಗಿಂತ ಕಡಿಮೆ. ಬಿಟ್‌ಲಾಕರ್ ಬೀಗ ಹಾಕಿಕೊಂಡಿದ್ದರೆ, ಅದರ ಕೀಲಿಯ ಅಂಕಿಗಳನ್ನು ಬರೆದಿಟ್ಟುಕೊಳ್ಳದವರಿಗೆ ಯಥಾಪ್ರತಿಯೂ ಬರೇ ಗೋಜಲು.

ಊಹೆಯ ಹುಡುಗಿಗೆ ಮರಳಿ ಬಂದದ್ದು ಹೆಸರಿಲ್ಲದ 214 ಧ್ವನಿ ಫೈಲುಗಳು ಎಂದಿರಲಿ. ಕೆಲವು ಅರ್ಧಕ್ಕೆ ತುಂಡಾಗಿವೆ, ಒಂದರ ಬಾಲಕ್ಕೆ ಇನ್ನೊಂದರ ಮಾತು ಅಂಟಿದೆ. ಇವುಗಳಲ್ಲಿ ಯಾವುದು ಯಾರದು, ಯಾವ ಮನೆಯದು, ಯಾವ ಭೇಟಿಯದು ಎಂದು ತಿಳಿಯದಿದ್ದರೆ ಪ್ರಬಂಧಕ್ಕೆ ಅವು ಉಪಯೋಗವಿಲ್ಲ. ಆದರೆ ಕ್ಷೇತ್ರಕಾರ್ಯ ಕಲಿಸುವ ಒಳ್ಳೆಯ ಮೇಷ್ಟ್ರುಗಳು ಮೊದಲ ದಿನವೇ ಒಂದು ಅಭ್ಯಾಸ ಹಾಕಿಸುತ್ತಾರೆ. ಗುಂಡಿ ಒತ್ತಿದ ಕೂಡಲೇ, ಎದುರಿನವರು ಮಾತಾಡುವ ಮುಂಚೆ, ರೆಕಾರ್ಡರಿಗೆ ನಾಲ್ಕು ಮಾತು ಹೇಳಬೇಕು. ಆ ಹೊತ್ತಿಗೆ ನಾಚಿಕೆಯಾಗುತ್ತದೆ, ಮುದುಕರು ನಗುತ್ತಾರೆ. ಅವಳು ಬಿಡದೆ ಹೇಳಿದ್ದಳು. ಎಫ್ ಅಕ್ಷರದ, ಎಂಟು ಅಂಕಿಗಳ ಮೊದಲ ಫೈಲನ್ನು ಈಗ ತೆರೆದರೆ, ಫ್ಯಾನಿನ ಸದ್ದು, ದೂರದಲ್ಲಿ ರಿಕ್ಷಾದ ಗಂಟೆ, ಆಮೇಲೆ ಅವಳದೇ ದನಿ: "14 ನವೆಂಬರ್, ಮುಂಜಾನೆ ಹತ್ತೂವರೆ. ಹನುಮಾನ್ ಘಾಟ್ ಹತ್ರದ ಮನಿ, ಎರಡನೇ ಸಲ ಬಂದದ್ದು. ಮಾತಾಡೋರು ಅಜ್ಜಿ, ಅವರ ಮಗಳೂ ಅದಾರ." ಹಿಂದಿನಿಂದ ಅಜ್ಜಿ ಕೇಳುತ್ತಾಳೆ, "ಯಾರಿಗ್ ಹೇಳಾಕತ್ತಿ ಇದನ್ನೆಲ್ಲಾ?"